ಕನ್ನಡಕದ ಡುಕಾಟ್ ಮತ್ತು ನಮ್ಮ ಪುತಳಿ ಸರ

ಮಾನ್ಯ ಸಂಪಾದಕರೇ,

ಡೆನ್ಮಾರ್ಕಿನ ಹಳೆಯ ಚಿನ್ನದ ನಾಣ್ಯವೊಂದು ಹನ್ನೊಂದು ಕೋಟಿಗೆ ಹೋಯಿತಂತೆ ಎಂಬ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇನ್ನೂ ಸುತ್ತುತ್ತಲೇ ಇದೆ. ಅದರ ಬಾಲಕ್ಕೆ ಯಾರೋ ‘ನಿಮ್ಮ ಮನೆಯಲ್ಲೂ ಹಳೆಯ ಬಂಗಾರದ ನಾಣ್ಯ ಇದ್ದರೆ ಈ ನಂಬರಿಗೆ ಫೋಟೊ ಕಳಿಸಿ’ ಎಂದು ಸೇರಿಸಿದ್ದಾರೆ. ಸುದ್ದಿ ನಿಜ, ಬಾಲ ಮೋಸ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮನೆಗಳಲ್ಲಿ ಅಜ್ಜಿ ಕಾಲದ ಪುತಳಿ, ವರಹ, ಅಶ್ರಫಿ ಇನ್ನೂ ಉಳಿದಿರುವುದರಿಂದ, ಇಂಥ ನಾಣ್ಯಕ್ಕೆ ಬೆಲೆ ಹೇಗೆ ಬರುತ್ತದೆ, ಯಾವುದರಿಂದ ಹೋಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಬರೆಯಬೇಕೆನಿಸಿತು.

ಮೊದಲು ಸುದ್ದಿಯ ಹೂರಣ. 2024ರ ಸೆಪ್ಟೆಂಬರ್‌ನಲ್ಲಿ ಕೋಪನ್‌ಹೇಗನ್‌ನ ಹರಾಜಿನಲ್ಲಿ, ರಾಜ ಹಾನ್ಸ್ 1496ರಲ್ಲಿ ಅಚ್ಚು ಹಾಕಿಸಿದ ‘ನೋಬಲ್’ ಎಂಬ ಚಿನ್ನದ ನಾಣ್ಯ 12 ಲಕ್ಷ ಯೂರೊಗೆ ಮಾರಾಟವಾಯಿತು. ಅಂದಿನ ದರದಲ್ಲಿ ಅದು ಹನ್ನೊಂದು ಕೋಟಿ ರೂಪಾಯಿ ದಾಟುತ್ತದೆ. ಆ ನಾಣ್ಯ ಎಲ್.ಇ. ಬ್ರೂನ್ ಎಂಬ ಬೆಣ್ಣೆ ವ್ಯಾಪಾರಿಯದು. ಆತ 1923ರಲ್ಲಿ ತೀರಿಕೊಂಡಾಗ ಹೆಚ್ಚು ಕಡಿಮೆ 20 ಸಾವಿರ ನಾಣ್ಯ, ಪದಕ, ನೋಟುಗಳನ್ನು ಬಿಟ್ಟುಹೋದ. ಮೊದಲ ಮಹಾಯುದ್ಧ ಕಂಡಿದ್ದ ಆತ, ಯುದ್ಧದಲ್ಲಿ ಡೆನ್ಮಾರ್ಕಿನ ರಾಷ್ಟ್ರೀಯ ಸಂಗ್ರಹ ಹಾಳಾದರೆ ಬದಲಿಗೆ ಇರಲೆಂದು, ನೂರು ವರ್ಷ ಒಂದನ್ನೂ ಮಾರಬಾರದು ಎಂದು ಉಯಿಲು ಬರೆದಿದ್ದ. ಹಾಗಾಗಿ ಹರಾಜಿಗೆ ಬಂದದ್ದು ಬರೀ ಹಳೆಯ ನಾಣ್ಯವಲ್ಲ. ಅದು ಡೆನ್ಮಾರ್ಕಿನ ಮೊಟ್ಟಮೊದಲ ಚಿನ್ನದ ನಾಣ್ಯ. ಇಡೀ ಶತಮಾನ ಪೆಟ್ಟಿಗೆ ಬಿಟ್ಟು ಹೊರಬಂದಿರಲಿಲ್ಲ, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದಕ್ಕೆ ಕಾಗದವೂ ಇತ್ತು. ಕೊಂಡವರು ಹಣ ಕೊಟ್ಟದ್ದು ಇಷ್ಟಕ್ಕೂ ಸೇರಿಸಿ.

ಆದರೆ ಬೆಲೆಯ ಲೆಕ್ಕ ತಿಳಿಯಲು ನೋಬಲ್‌ಗಿಂತ ಒಳ್ಳೆಯ ಉದಾಹರಣೆ ಅದಕ್ಕಿಂತ ಸಣ್ಣದೊಂದು ನಾಣ್ಯ. ನಾಲ್ಕನೆಯ ಕ್ರಿಶ್ಚಿಯನ್ 1588ರಿಂದ 1648ರವರೆಗೆ ಡೆನ್ಮಾರ್ಕನ್ನು ಆಳಿದ ರಾಜ. ತಂಜಾವೂರಿನ ರಘುನಾಥ ನಾಯಕನೊಂದಿಗೆ 1620ರಲ್ಲಿ ಒಪ್ಪಂದ ಮಾಡಿಕೊಂಡು ತರಂಗಂಬಾಡಿಯಲ್ಲಿ ಕೋಟೆ ಕಟ್ಟಿದವರು ಇವನ ಕಡೆಯವರೇ. ಡುಕಾಟ್ ಎಂದರೆ ಯುರೋಪಿನ ಹಳೆಯ ಚಿನ್ನದ ನಾಣ್ಯ. ಇವನು 1647ರಲ್ಲಿ ಹೊರಡಿಸಿದ ಡುಕಾಟಿಗೆ ಡೇನರು ‘ಬ್ರಿಲ್ಲೆಡುಕಾಟ್’ ಎನ್ನುತ್ತಾರೆ, ಅಂದರೆ ಕನ್ನಡಕದ ಡುಕಾಟ್. ಒಂದು ಬದಿಯಲ್ಲಿ ಕಿರೀಟ ತೊಟ್ಟು ನಿಂತ ರಾಜ. ಇನ್ನೊಂದು ಬದಿಯಲ್ಲಿ ಒಂದು ಜೊತೆ ಕನ್ನಡಕ, ಜೊತೆಗೆ ‘ವಿದೆ ಮಿರಾ ದೋಮಿ’ ಎಂಬ ಲ್ಯಾಟಿನ್ ಸಾಲು: ದೇವರ ಅಚ್ಚರಿಗಳನ್ನು ನೋಡು. ಆಗ ನಾರ್ವೆಯೂ ಇವನ ಆಳ್ವಿಕೆಯಲ್ಲೇ ಇತ್ತು. ಅಲ್ಲಿ ಚಿನ್ನ ಸಿಕ್ಕಿತೆಂದರೆ ನಂಬದವರಿಗೆ ‘ಕನ್ನಡಕ ಹಾಕಿಕೊಂಡು ನೋಡಿ’ ಎಂದು ರಾಜ ಕೊಟ್ಟ ಉತ್ತರ ಇದು ಎಂಬ ಪ್ರತೀತಿ ಇದೆ. ಪೂರ್ತಿ ಡುಕಾಟಿನ ಜೊತೆಗೆ ಅರ್ಧ, ಕಾಲು ಡುಕಾಟುಗಳೂ ಇದೇ ಚಿತ್ರದಲ್ಲಿ ಬಂದವು.

ಡುಕಾಟ್ ತೂಕ 3.49 ಗ್ರಾಂ, ಶುದ್ಧತೆ 23.5 ಕ್ಯಾರೆಟ್, ಅಂದರೆ ಸಾವಿರಕ್ಕೆ 979. ನಮ್ಮ ಪತ್ತಾರರ ಲೆಕ್ಕದಲ್ಲಿ ಇಪ್ಪತ್ತೆಂಟೂಮುಕ್ಕಾಲು ಗುಂಜಿಯ ಆಸುಪಾಸು, ತೊಲಿಯ ಮೂರನೇ ಒಂದು ಪಾಲೂ ಇಲ್ಲ. ಒಳಗಿರುವ ಅಪ್ಪಟ ಬಂಗಾರ 3.42 ಗ್ರಾಂ. ಲೆಕ್ಕಕ್ಕೆ ಗ್ರಾಮಿಗೆ ಹತ್ತು ಸಾವಿರ ಎಂದು ಹಿಡಿದರೆ ಕರಗಿಸಿದಾಗ ಸಿಗುವುದು 34 ಸಾವಿರ ರೂಪಾಯಿ. ಅದರ ಮೇಲೆ ಬರುವುದೆಲ್ಲ ಸಂಗ್ರಾಹಕರು ಕೊಡುವ ಬೆಲೆ, ಅದು ಬಂಗಾರದ ದರದ ಹಿಂದೆ ಹೋಗುವುದಿಲ್ಲ. ಕನ್ನಡಕದ ಡುಕಾಟಿಗೆ ಡೆನ್ಮಾರ್ಕಿನವರ ಜೊತೆ ನಾರ್ವೆಯವರೂ ಪೈಪೋಟಿಗೆ ಬೀಳುತ್ತಾರೆ, ಚಿನ್ನ ತಮ್ಮ ನೆಲದ್ದು ಎಂಬ ಅಭಿಮಾನದಿಂದ. ಎರಡು ದೇಶದ ಶ್ರೀಮಂತರು ಬೇಡುವ, ಒಂದೇ ವರ್ಷದ ಇಸವಿ ಹೊತ್ತ, ಕಥೆ ಇರುವ ನಾಣ್ಯ. ಆಫ್ರಿಕಾದ ಗಿನಿ ತೀರದ ಚಿನ್ನದಲ್ಲಿ ಮುದ್ರಿಸಿ ಅಲ್ಲಿನ ಕ್ರಿಶ್ಚಿಯನ್ಸ್‌ಬೋರ್ಗ್ ಕೋಟೆಯ ಚಿತ್ರ ಹಾಕಿದ ಡೇನಿಷ್ ಡುಕಾಟುಗಳಿಗೂ ಇದೇ ಬಗೆಯ ಬೇಡಿಕೆ. ಅಷ್ಟೇ ಹಳೆಯ, ಅಷ್ಟೇ ತೂಕದ, ಆದರೆ ಸಾವಿರಗಟ್ಟಲೆ ಉಳಿದಿರುವ ಬೇರೆ ದೇಶದ ಡುಕಾಟಿಗೆ ಈ ಬೆಲೆಯ ಸಣ್ಣ ಪಾಲೂ ಬರುವುದಿಲ್ಲ. ಹಳೆಯದಾದಷ್ಟೂ ಬೆಲೆ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು.

ಎರಡನೆಯದು ಸ್ಥಿತಿ. ಡೇನರ ದರ್ಜೆಯಲ್ಲಿ ಅಂಕಿ ಸಣ್ಣದಾದಷ್ಟೂ ನಾಣ್ಯ ಚೆನ್ನಾಗಿದೆ ಎಂದರ್ಥ: ‘0’ ಎಂದರೆ ಬಳಕೆಗೇ ಬೀಳದ್ದು, ಆಮೇಲೆ 01, 1+, 1 ಹೀಗೆ ಇಳಿಯುತ್ತದೆ. ನಾಣ್ಯಕ್ಕೆ ದರ್ಜೆ ಕೊಡುವ ಅಮೆರಿಕದ ಎನ್‌ಜಿಸಿ, ಪಿಸಿಜಿಎಸ್ ಸಂಸ್ಥೆಗಳದು ಉಲ್ಟಾ, 1ರಿಂದ 70ರವರೆಗೆ ಏರುತ್ತದೆ. ಎರಡನ್ನೂ ಬೆರೆಸಿ ಓದಿ ಮೋಸಹೋಗುವವರಿದ್ದಾರೆ. ಹರಾಜಿನ ಫಲಿತಾಂಶ ಓದುವಾಗಲೂ ಕೊಳ್ಳುವವನು ಮೇಲೆ ಕೊಡುವ ಕಮಿಷನ್ ಸೇರಿದೆಯೋ ಇಲ್ಲವೋ ನೋಡಬೇಕು. ಸಾಮಾನ್ಯವಾಗಿ ಅದು ಕೂಗಿದ ಬೆಲೆಯ ಐದನೇ ಒಂದು ಭಾಗದ ಹತ್ತಿರ ಇರುತ್ತದೆ. ಮಾರುವವನ ಕೈಗೆ ಅದು ಬರುವುದಿಲ್ಲ.

ಈಗ ನಮ್ಮ ಮನೆಯ ಡಬ್ಬಿಗೆ ಬರೋಣ. ಈ ಭಾಗದಲ್ಲಿ ಡೇನಿಷ್ ಡುಕಾಟ್ ಸಿಗುವ ಸಂಭವ ತೀರಾ ಕಡಿಮೆ. ಸಿಗುವುದು ಹೆಚ್ಚಾಗಿ ನಾಲ್ಕು ಬಗೆ. ಕಿಂಗ್ ಛಾಪಿನ ಪೌಂಡು, ಅಂದರೆ ಬ್ರಿಟಿಷ್ ಸಾವರಿನ್: 7.98 ಗ್ರಾಂ, 22 ಕ್ಯಾರೆಟ್, ಅಂಚಿನಲ್ಲಿ ಗೀರು. ನಿಜಾಮರ ಅಶ್ರಫಿ: ತೊಲಿಗೆ ಸ್ವಲ್ಪ ಕಡಿಮೆ. ವಿಜಯನಗರದ ವರಹ: 3.4 ಗ್ರಾಂ. ಮತ್ತು ಪುತಳಿ: ಮೂಲದಲ್ಲಿ ವೆನಿಸ್‌ನ ಡುಕಾಟ್, ಸಂತ ಮಾರ್ಕನ ಮುಂದೆ ಮಂಡಿಯೂರಿದ ದೊರೆಯ ಚಿತ್ರ, 3.5 ಗ್ರಾಂ. ಬಹಮನಿ ಸುಲ್ತಾನರ ಬಂಗಾರದ ಟಂಕವೂ ಅಪರೂಪಕ್ಕೆ ಕಾಣುತ್ತದೆ. ಅದರ ಮೇಲೆ ಅಹಸನಾಬಾದ್ ಎಂದಿದ್ದರೆ ಕಲಬುರಗಿ ಟಂಕಸಾಲೆಯದು, ಮಹಮ್ಮದಾಬಾದ್ ಎಂದಿದ್ದರೆ ಬೀದರಿನದು. ನನ್ನನ್ನು ಕೇಳಿದರೆ, ನಮ್ಮ ಊರಿನ ಹೆಸರು ಹೊತ್ತ ಟಂಕ ಕೈಗೆ ಬಂದಾಗ ಕೋಪನ್‌ಹೇಗನ್‌ನ ಕನಸು ಕಾಣುವುದೇ ತಪ್ಪು.

ಇಲ್ಲಿ ಒಂದು ತೊಡಕಿದೆ. ವರಹ, ಪುತಳಿ, ಡುಕಾಟ್ ಮೂರರ ತೂಕವೂ ಹತ್ತಿರಹತ್ತಿರ ಒಂದೇ. ತೂಗಿದ ಮಾತ್ರಕ್ಕೆ ಯಾವುದೆಂದು ಹೇಳಲಾಗದು. ಅಗಲ ನೋಡಬೇಕು. ವರಹ ಹುಣಸೆಬೀಜದಷ್ಟು ಚಿಕ್ಕದು, ದಪ್ಪ. ಡುಕಾಟ್ 22 ಮಿಲಿಮೀಟರಿನ ಆಸುಪಾಸು ಅಗಲ, ದಪ್ಪ ಅರ್ಧ ಮಿಲಿಮೀಟರ್ ಮಾತ್ರ, ಬೆರಳಲ್ಲಿ ಒತ್ತಿದರೆ ಬಾಗೀತು ಎನ್ನುವಷ್ಟು ತೆಳು. ಪುತಳಿಯದೂ ಹೆಚ್ಚು ಕಡಿಮೆ ಅದೇ ಆಕಾರ, ಆದ್ದರಿಂದ ಅಕ್ಷರ ಓದಬೇಕು. ಸರಕ್ಕಾಗಿ ನಮ್ಮ ದೇಶದಲ್ಲೇ ಮಾಡಿದ ಪುತಳಿಗಳಲ್ಲಿ ಲ್ಯಾಟಿನ್ ಅಕ್ಷರದ ಜಾಗದಲ್ಲಿ ಬರೀ ಕಡ್ಡಿ, ಸೊನ್ನೆ, ಚುಕ್ಕಿ ಇರುತ್ತವೆ. ಅಚ್ಚು ಕೊರೆದವನಿಗೆ ಆ ಲಿಪಿ ಬರುತ್ತಿರಲಿಲ್ಲ. ಅದನ್ನು ಖೋಟಾ ಎನ್ನುವುದಕ್ಕಿಂತ ಆಭರಣ ಎನ್ನುವುದು ಸರಿ. ಬೆಲೆ ಮಾತ್ರ ಬಂಗಾರದ್ದು, ಕೈಕೆಲಸ ಚೆನ್ನಾಗಿದ್ದರೆ ಸ್ವಲ್ಪ ಹೆಚ್ಚು.

ಶುದ್ಧತೆ ನೋಡಲು ಸರಾಫ್ ಬಜಾರಿಗೆ ಹೋದರೆ ಮೊದಲು ಕೇಳಿಬರುವುದು ಒರೆಗಲ್ಲಿನ ಮಾತು. ದಯವಿಟ್ಟು ನಾಣ್ಯವನ್ನು ಒರೆಗೆ ಹಚ್ಚಲು ಬಿಡಬೇಡಿ. ಟಂಚ ನೋಡಲು ಒರೆಗಲ್ಲಿನ ಮೇಲೆ ಎಳೆದ ಅಂಚು ಅಷ್ಟು ಜಾಗದಲ್ಲಿ ಚಪ್ಪಟೆಯಾಗುತ್ತದೆ. ಮುಂದೆ ಯಾವ ಸಂಗ್ರಾಹಕನ ಭೂತಗನ್ನಡಿಗೂ ಅದು ತಪ್ಪುವುದಿಲ್ಲ. ತೇಜಾಬ್ ಹಚ್ಚುವುದು, ಅಂಚು ಕೊರೆದು ಒಳಗೆ ನೋಡುವುದು ಇನ್ನೂ ಕೆಟ್ಟದ್ದು. ಇದಕ್ಕೆ ಪತ್ತಾರರನ್ನು ದೂರುವಂತಿಲ್ಲ, ಅವರಿಗೆ ಅದು ಬಂಗಾರ, ಬಂಗಾರ ನೋಡುವ ರೀತಿಯೇ ಅದು.

ನಾಣ್ಯಕ್ಕೆ ಗಾಯವಾಗದ ಪರೀಕ್ಷೆ ನೀರಿನದು. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ಒಂದೆಳೆ ನೈಲಾನ್ ದಾರದಲ್ಲಿ ಕುಣಿಕೆ ಹಾಕಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ನಾಣ್ಯದ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ. 23.5 ಕ್ಯಾರೆಟ್ಟಿಗೆ ಅದು 18.9ರ ಹತ್ತಿರ ಬರಬೇಕು, ಎಂದರೆ 3.49 ಗ್ರಾಮಿನ ಡುಕಾಟ್ 0.185 ಗ್ರಾಂ ನೀರು ಸರಿಸಬೇಕು. ತಾಮ್ರ ಬೆರೆತ 22 ಕ್ಯಾರೆಟ್ ಆಗಿದ್ದರೆ 0.198, 18 ಕ್ಯಾರೆಟ್ ಆಗಿದ್ದರೆ 0.225ರ ಹತ್ತಿರ, ಹಿತ್ತಾಳೆಗೆ ಬಂಗಾರದ ನೀರು ಕುಡಿಸಿದ್ದಾದರೆ 0.41.

ಅಂಕಿಗಳ ನಡುವಿನ ಅಂತರ ಗಮನಿಸಿ. 0.185ಕ್ಕೂ 0.198ಕ್ಕೂ ಇರುವ ವ್ಯತ್ಯಾಸ 13 ಮಿಲಿಗ್ರಾಂ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 0.01 ಗ್ರಾಮಿನ ಪುಟ್ಟ ತಕ್ಕಡಿ ತೋರಿಸುವ ಕನಿಷ್ಠ ಹೆಜ್ಜೆಯೇ 10 ಮಿಲಿಗ್ರಾಂ. ಅದರಲ್ಲಿ ಹಿತ್ತಾಳೆ ಸಿಕ್ಕಿಬೀಳುತ್ತದೆ, ಆದರೆ ಡುಕಾಟನ್ನೂ 22 ಕ್ಯಾರೆಟ್ಟನ್ನೂ ನೆಚ್ಚಿಕೊಂಡು ಬೇರ್ಪಡಿಸಲಾಗದು. 0.001 ಗ್ರಾಂ ತೋರಿಸುವ ತಕ್ಕಡಿಯೇ ಬೇಕು. ಆಮೇಲೆ ಫ್ಯಾನ್ ಆರಿಸಬೇಕು, ಗಾಳಿಗೆ ಕೊನೆಯ ಅಂಕಿ ನಿಲ್ಲುವುದಿಲ್ಲ. ನೀರು ಕುದಿಸಿ ಆರಿಸಿದ್ದಿರಲಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ. ಇಲ್ಲದಿದ್ದರೆ ಅಕ್ಷರಗಳ ಸಂದಿಯಲ್ಲಿ ಗಾಳಿಗುಳ್ಳೆ ಕೂತು ಒಳ್ಳೆಯ ಬಂಗಾರವೂ ಕಡಿಮೆ ಕ್ಯಾರೆಟ್ ತೋರಿಸುತ್ತದೆ. ದಾರ ದಪ್ಪವಾದರೂ ಅದೇ ತಪ್ಪು. ನಮ್ಮ ಬೇಸಿಗೆಯಲ್ಲಿ ಟ್ಯಾಂಕಿನ ನೀರು 40 ಡಿಗ್ರಿ ಮುಟ್ಟಿರುತ್ತದೆ, ಅದರ ಸಾಂದ್ರತೆ 0.992. ಇದರಿಂದ ಒಂದೂವರೆ ಮಿಲಿಗ್ರಾಂ ಏರುಪೇರು, ಗಡಿಗೆಯ ನೀರಾದರೆ ಆ ಚಿಂತೆಯೂ ಇಲ್ಲ. ಮೂರು ಸಲ ಮಾಡಿ, ಮೂರೂ ಹೊಂದಿದರೆ ಮಾತ್ರ ನಂಬಿ.

ಈ ಪರೀಕ್ಷೆಗೂ ಎಟುಕದ ಲೋಹ ಒಂದಿದೆ, ಟಂಗ್‌ಸ್ಟನ್. ಅದರ ಸಾಂದ್ರತೆ 19.25, ಬಂಗಾರದ ಪಕ್ಕದಲ್ಲೇ. ದಪ್ಪ ಬಿಸ್ಕತ್ತುಗಳಲ್ಲಿ ಅದನ್ನು ಅಡಗಿಸುತ್ತಾರೆ. ಅರ್ಧ ಮಿಲಿಮೀಟರಿನ ಡುಕಾಟಿನಲ್ಲಿ ಆ ಗಟ್ಟಿ, ಪೆಡಸು ಲೋಹ ಅಡಗಿಸಿ ಅಚ್ಚು ಒತ್ತುವುದು ಲಾಭದ ಕೆಲಸವಲ್ಲ. ಹಾಲ್‌ಮಾರ್ಕ್ ಕೇಂದ್ರಗಳಲ್ಲಿರುವ ಎಕ್ಸ್‌ರೇ ಯಂತ್ರ ಇನ್ನೊಂದು ದಾರಿ. ಅದು ಮೇಲ್ಪದರ ಮಾತ್ರ ಓದುತ್ತದೆ ಎಂಬುದು ನೆನಪಿರಲಿ, ಮತ್ತು ‘ಕೆರೆದು ಸುಟ್ಟು ನೋಡುತ್ತೇವೆ’ ಎಂದರೆ ಒಪ್ಪಬೇಡಿ. ಆ ಯಂತ್ರದಿಂದ ಬೇರೊಂದು ಉಪಯೋಗವಿದೆ. ನಾಣ್ಯದ ನೆತ್ತಿಯ ಭಾಗಕ್ಕೆ ಹಿಡಿದಾಗ ಕ್ಯಾಡ್ಮಿಯಂ ಕಂಡರೆ, ಅಲ್ಲಿ ಕೆಡಿಎಂ ಬೆಸುಗೆ ಬಿದ್ದಿದೆ. ಹಿಂದೊಮ್ಮೆ ಕೊಂಡಿ ಕೂರಿಸಿದ್ದರು, ಈಗ ಬಿಚ್ಚಿ ಉಜ್ಜಿ ಮಾರಲು ತಂದಿದ್ದಾರೆ ಎಂದರ್ಥ.

ಕೊಂಡಿಯ ಗುರುತೇ ನಮ್ಮ ಕಡೆಯ ನಾಣ್ಯಗಳ ದೊಡ್ಡ ಕಾಯಿಲೆ. ಸರಕ್ಕೆ ಪೋಣಿಸಲು ತೂತು, ಪದಕಕ್ಕೆ ಕೂರಿಸಲು ಕೊಂಡಿ, ಮಾರುವಾಗ ತೂತಿಗೆ ಬಂಗಾರ ತುಂಬಿ ಉಜ್ಜುವುದು. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸಿನಲ್ಲಿ ನೋಡಿದರೆ ತುಂಬಿದ ಜಾಗದ ಬಣ್ಣ ಒಂದು ಎಳೆ ಬೇರೆ, ಅಲ್ಲಿ ಹಾದುಹೋಗುವ ಅಕ್ಷರ ಮತ್ತೆ ಕೆತ್ತಿದ್ದು. ಡುಕಾಟ್ 3.40ಕ್ಕಿಂತ ಕೆಳಗೆ ತೂಗಿದರೆ ಅಂಚು ಕತ್ತರಿಸಿದ ಅನುಮಾನ, 3.60 ತೂಗಿದರೆ ಬೆಸುಗೆ ಸೇರಿದ ಅನುಮಾನ. ಎರಡರಲ್ಲೂ ಬಂಗಾರ ಅಸಲಿಯೇ, ನಾಣ್ಯವೂ ಅಸಲಿಯೇ ಇರಬಹುದು. ಸಂಗ್ರಾಹಕ ಕೊಡುವ ಬೆಲೆ ಮಾತ್ರ ಅರ್ಧಕ್ಕೂ ಕೆಳಗೆ ಜಾರುತ್ತದೆ.

ತೊಳೆಯುವುದರಿಂದಲೂ ಅಷ್ಟೇ ನಷ್ಟ. ಹುಣಸೆಹಣ್ಣು, ಅಂಟುವಾಳ, ರಂಗೋಲಿ ಪುಡಿ, ಹಳೆಯ ಬ್ರಶ್ಶು, ಪಾಲಿಶ್ ಯಂತ್ರ, ಇವೆಲ್ಲ ಬಳೆಗೆ ಸರಿ. ಅಚ್ಚಿನ ಪೆಟ್ಟು ಬಿದ್ದಾಗ ಲೋಹ ಹರಿದು ಉಂಟಾದ ನಯವಾದ ಹೊಳಪು ನಾಣ್ಯದ ಬಯಲಿನಲ್ಲಿ, ಅಂದರೆ ಚಿತ್ರ, ಅಕ್ಷರ ಇಲ್ಲದ ಜಾಗದಲ್ಲಿ, ಇರುತ್ತದೆ. ಉಜ್ಜಿದರೆ ಅದು ಹೋಗಿ ಒಂದೇ ದಿಕ್ಕಿನ ಕೂದಲೆಳೆ ಗೀರು ಉಳಿಯುತ್ತವೆ. ಮತ್ತೆ ತರಲು ಉಪಾಯವಿಲ್ಲ. ಧೂಳಿದ್ದರೆ ಶುದ್ಧ ನೀರಿನಲ್ಲಿ ನೆನೆಸಿ, ಉಜ್ಜದೆ ಹತ್ತಿಬಟ್ಟೆಯ ಮೇಲಿಟ್ಟು ಒಣಗಿಸಿ. ಹಿಡಿಯುವುದು ಅಂಚನ್ನು. ಇಡುವುದು ಪಿವಿಸಿ ಪೌಚಿನಲ್ಲಿ ಬೇಡ, ಅದು ಬರಬರುತ್ತ ಅಂಟಂಟು ಹಸಿರು ಬಿಡುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಖೋಟಾ ಆಗಿರಬಹುದು, ಏಕೆಂದರೆ ಅಪರೂಪದ ನಾಣ್ಯದ ಖೋಟಾವನ್ನು ಅಸಲಿ ಬಂಗಾರದಲ್ಲೇ ಮಾಡುತ್ತಾರೆ. 34 ಸಾವಿರದ ಬಂಗಾರ ಹಾಕಿ ಲಕ್ಷಗಟ್ಟಲೆ ಎಣಿಸುವ ಲೆಕ್ಕ ಅದು. ತೂಕ, ಸಾಂದ್ರತೆ, ಎಕ್ಸ್‌ರೇ ಮೂರೂ ಪಾಸು. ಅಲ್ಲಿ ಉಳಿಯುವುದು ಕಣ್ಣು. ಎರಕ ಹೊಯ್ದದ್ದಾದರೆ ಅಕ್ಷರಗಳ ಬುಡ ದುಂಡಗೆ, ಬಯಲಿನಲ್ಲಿ ಸೂಜಿಮೊನೆಯ ಗುಂಡಿ, ಅಂಚಿನ ಸುತ್ತ ಎರಡು ಅಚ್ಚು ಕೂಡಿದ ಗೆರೆ. 17ನೇ ಶತಮಾನದ ಡುಕಾಟಿನ ಅಂಚಿಗೆ ಈಗಿನ ನಾಣ್ಯದ ಹಾಗೆ ಗೀರು ಇರುವುದಿಲ್ಲ. ಅಂಚು ಅಳತೆ ಹಿಡಿದಷ್ಟು ದುಂಡಗಿದ್ದರೂ ಅನುಮಾನಪಡಿ. ಎಲ್ಲಕ್ಕಿಂತ ಗಟ್ಟಿ ಸುಳಿವು ಹೋಲಿಕೆಯಲ್ಲಿದೆ. ವಸ್ತುಸಂಗ್ರಹಾಲಯಗಳ, ಹಳೆಯ ಹರಾಜುಗಳ ಚಿತ್ರ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿಯ ನಾಣ್ಯದ ಮೇಲಿರುವ ಗೀರು, ತರಚು ನಿಮ್ಮದರ ಮೇಲೂ ಅದೇ ಜಾಗದಲ್ಲಿದ್ದರೆ, ಅದನ್ನೇ ಅಚ್ಚು ತೆಗೆದು ಇದನ್ನು ಮಾಡಿದ್ದಾರೆ. ಅಚ್ಚು ಒಂದೇ ಆಗಬಹುದು, ಬಳಕೆಯ ಪೆಟ್ಟು ಎರಡು ನಾಣ್ಯಕ್ಕೆ ಒಂದೇ ಥರ ಬೀಳುವುದಿಲ್ಲ.

ಕ್ಯಾರೆಟ್ ಕಡಿಮೆ ಎಂದ ಮಾತ್ರಕ್ಕೆ ತಿರಸ್ಕರಿಸುವುದೂ ತಪ್ಪಾದೀತು. 1757ರ ನಂತರದ ಡೇನಿಷ್ ‘ಕುರಂಟ್’ ಡುಕಾಟಿನ ತೂಕ 3.12 ಗ್ರಾಂ, ಶುದ್ಧತೆ 21 ಕ್ಯಾರೆಟ್ ಅಷ್ಟೆ. ಯಾವ ರಾಜ, ಯಾವ ಇಸವಿ, ಯಾವ ಬಗೆ ಎಂದು ಮೊದಲು ಗೊತ್ತುಮಾಡಿಕೊಂಡು ಆಮೇಲೆ ತಕ್ಕಡಿ ಹಿಡಿಯಬೇಕು.

ಕಾನೂನಿನ ಮಾತು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಕಳಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಮೇಲೆ ದಂಡ. ಆದ್ದರಿಂದ ‘ಲಂಡನ್‌ಗೆ ಕೊರಿಯರ್ ಮಾಡಿ, ಹರಾಜಿಗೆ ಹಾಕಿಸುತ್ತೇವೆ’ ಎನ್ನುವವನು ನಿಮ್ಮನ್ನು ಅಪರಾಧಕ್ಕೇ ಎಳೆಯುತ್ತಿದ್ದಾನೆ. ವ್ಯಾಪಾರವಾಗಿ ಇಂಥವನ್ನು ಮಾರುವವರಿಗೆ ಲೈಸೆನ್ಸ್ ಬೇಕು, ಅದನ್ನು ತೋರಿಸೆಂದು ಕೇಳುವ ಹಕ್ಕು ನಿಮಗಿದೆ. ಹೊಲ ಉಳುವಾಗ, ಪಾಯ ಅಗೆಯುವಾಗ ಸಿಕ್ಕದ್ದು ನಿಧಿ ಕಾಯ್ದೆಗೆ ಬರುತ್ತದೆ. ಜಿಲ್ಲಾಧಿಕಾರಿಗೆ ತಿಳಿಸಬೇಕು, ಸರಾಫರ ಮೂಸೆಗೆ ಹಾಕುವಂತಿಲ್ಲ. ಇನ್ನು ಹಳೆಯ ನಾಣ್ಯ ಮಾರಲು ‘ರಿಸರ್ವ್ ಬ್ಯಾಂಕ್ ಶುಲ್ಕ’, ‘ನೋಂದಣಿ ಫೀ’, ‘ಜಿಎಸ್‌ಟಿ ಮುಂಗಡ’ ಎಂದು ಹಣ ಕೇಳುವ ಕರೆಗಳು. ತಾನು ಇಂಥ ವ್ಯವಹಾರದಲ್ಲಿ ಇಲ್ಲವೇ ಇಲ್ಲ, ಯಾರಿಂದಲೂ ಶುಲ್ಕ ಪಡೆಯುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿದೆ. ಅಕ್ಕಿಕಾಳು ಎಳೆಯುವ ಕಂಪನಿ ಕಾಲದ ತಾಮ್ರದ ನಾಣ್ಯ, ರಾಮ ಪಟ್ಟಾಭಿಷೇಕದ ‘1818’ರ ನಾಣ್ಯಗಳ ಬಗ್ಗೆ ಬರೆಯುವುದಕ್ಕೂ ಬೇಸರ. ಎರಡನೆಯದು ದೇವಸ್ಥಾನದ ಟೋಕನ್, ಮೊದಲನೆಯದು ಶುದ್ಧ ಠಕ್ಕು.

ಡೇನಿಷ್ ನಾಣ್ಯವೇ ಬೇಕು ಎನ್ನುವ ಎಳೆಯ ಸಂಗ್ರಾಹಕರು ತರಂಗಂಬಾಡಿಯ ಕಾಸುಗಳಿಂದ ಆರಂಭಿಸಬಹುದು. 1845ರಲ್ಲಿ ಬ್ರಿಟಿಷರಿಗೆ ಮಾರುವವರೆಗೆ ಡೇನರು ಅಲ್ಲಿದ್ದರು, ಸೀಸದಲ್ಲೂ ತಾಮ್ರದಲ್ಲೂ ಕಾಸು ಮುದ್ರಿಸಿದರು. ಕಿರೀಟದ ಕೆಳಗೆ ‘ಸಿ’ ಅಕ್ಷರ, 7ರ ಅಂಕಿ ಹೆಣೆದಿರುವ ನಾಲ್ಕು ಕಾಸಿನ ತಾಮ್ರದ ನಾಣ್ಯ ಏಳನೆಯ ಕ್ರಿಶ್ಚಿಯನ್‌ನದು, ದುಬಾರಿಯಲ್ಲ. ಸೀಸದ್ದನ್ನು ಮಾತ್ರ ಮರದ ಕಪಾಟಿನಲ್ಲಿ, ರಟ್ಟಿನ ಡಬ್ಬಿಯಲ್ಲಿ ಇಡಬೇಡಿ. ಮರ, ರಟ್ಟು ಬಿಡುವ ಆಮ್ಲದ ಆವಿಗೆ ಸೀಸ ಬಿಳಿ ಪುಡಿಯಾಗಿ ಉದುರುತ್ತದೆ. ಆ ಪುಡಿ ವಿಷ, ಮಕ್ಕಳ ಕೈಗೆ ಸಿಗಬಾರದು.

ಕೊನೆಗೊಂದು ಕೋರಿಕೆ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಪುರಾತತ್ವ ಇಲಾಖೆ ಅಲ್ಲಿ ಮೂರು ತಿಂಗಳಿಗೊಮ್ಮೆಯಾದರೂ ನಾಣ್ಯ ಗುರುತಿಸುವ ದಿನ ಇಟ್ಟುಕೊಳ್ಳಲಿ, ಬೀದರ್ ಮತ್ತು ಯಾದಗಿರಿಗೂ ಸರದಿ ಬರಲಿ. ಬೇಕಾಗುವುದು 0.001 ಗ್ರಾಮಿನ ತಕ್ಕಡಿ, ಒಂದು ಲೆನ್ಸ್, ಫಾರಸಿ ಮತ್ತು ಮೋಡಿ ಲಿಪಿ ಓದಬಲ್ಲ ಒಬ್ಬರು. ಬೆಲೆ ಹೇಳುವುದು ಬೇಡ, ಬಂದವರಿಂದ ನಾಣ್ಯ ಇಟ್ಟುಕೊಳ್ಳುವುದೂ ಬೇಡ. ಇಂಥ ರಾಜನದು, ಇಂಥ ಟಂಕಸಾಲೆಯದು, ಇಷ್ಟು ತೂಕ ಎಂದು ಒಂದು ಚೀಟಿ ಬರೆದುಕೊಟ್ಟರೆ ಸಾಕು. ಮುಟ್ಟುಗೋಲು ಹಾಕುತ್ತಾರೆಂಬ ಹೆದರಿಕೆಗೆ ಜನ ನಾಣ್ಯ ಹೊರಗೆ ತೆಗೆಯುವುದಿಲ್ಲ, ತೆಗೆದಾಗ ನೇರ ಮೂಸೆಗೇ ಹೋಗುತ್ತದೆ. ಹಾಗಾಗಿ ಮನೆತನದ ನಾಣ್ಯ ತಂದವರಿಗೆ ತೊಂದರೆಯಿಲ್ಲ ಎಂಬ ಮಾತನ್ನು ಇಲಾಖೆಯೇ ಲಿಖಿತವಾಗಿ ಪ್ರಕಟಿಸಬೇಕು.

ಇಂತಿ,
ನಾಣ್ಯ ಸಂಗ್ರಾಹಕ, ಬ್ರಹ್ಮಪುರ, ಕಲಬುರಗಿ